ಸೇರಿನಿಂದ ಗ್ರಾಮಿಗೆ: ಅಡುಗೆಯ ಒಣ ಪದಾರ್ಥಗಳ ಅಳತೆ ಮತ್ತು ತೂಕ

ಅಕ್ಕಿ, ಬೇಳೆ, ಹಿಟ್ಟು, ರವೆ, ಸಕ್ಕರೆ, ಉಪ್ಪು, ಸಂಬಾರ ಬೀಜ ಮೊದಲಾದ ಒಣ ಪದಾರ್ಥಗಳನ್ನು ಪಾತ್ರೆಯಲ್ಲಿ ತುಂಬಿ ಅಳೆದ ಲೆಕ್ಕದಿಂದ ತಕ್ಕಡಿಯ ಲೆಕ್ಕಕ್ಕೆ ತರುವುದೇ ಅಳತೆ–ತೂಕ ಪರಿವರ್ತನೆ. ಹಾಲು, ಎಣ್ಣೆಗಳಲ್ಲಿ ಈ ಕೆಲಸ ಸುಲಭ. ಅವು ಪಾತ್ರೆಯ ಮೂಲೆಮೂಲೆಯನ್ನೂ ತುಂಬಿ ನಿಲ್ಲುತ್ತವೆ. ಒಣ ಪದಾರ್ಥ ಹಾಗಲ್ಲ. ಕಾಳುಗಳ ನಡುವೆ ಗಾಳಿ ಕೂತಿರುತ್ತದೆ. ಎಷ್ಟು ಗಾಳಿ ಎಂಬುದನ್ನು ಕಾಳಿನ ಆಕಾರ, ತುಂಬಿದ ಕೈ, ಪಾತ್ರೆಯ ಬಾಯಿ, ಹವೆಯ ತೇವ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಹೀಗಾಗಿ "ಒಂದು ಲೋಟ ಎಂದರೆ ಎಷ್ಟು ಗ್ರಾಂ" ಎಂಬ ಪ್ರಶ್ನೆಗೆ ಯಾವ ಲೋಟ, ಯಾವ ಪದಾರ್ಥ, ಹೇಗೆ ತುಂಬಿದ್ದು ಎಂಬ ಮೂರು ಮರುಪ್ರಶ್ನೆಗಳನ್ನು ಹಾಕದೆ ಉತ್ತರ ಕೊಡಲಾಗದು.

ಕರ್ನಾಟಕದಲ್ಲಿ ಈ ಪ್ರಶ್ನೆ ಅತ್ಯಂತ ಬಿಕ್ಕಟ್ಟಾಗಿ ಎದುರಾಗುವ ಜಾಗಗಳಲ್ಲಿ ಬೆಂಗಳೂರಿನ ಪೂರ್ವದಂಚಿನ ಬ್ರೂಕ್‌ಫೀಲ್ಡ್ ಒಂದು. ಕುಂದಲಹಳ್ಳಿ, ಎಇಸಿಎಸ್ ಬಡಾವಣೆ, ಐಟಿಪಿಎಲ್ ರಸ್ತೆಗಳಿಗೆ ಹೊಂದಿಕೊಂಡ ಈ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ನೌಕರರು ದೇಶದ ಎಲ್ಲ ಮೂಲೆಗಳಿಂದ ಬಂದು ನೆಲೆಸಿದ್ದಾರೆ. ಸಾಮಾನು ಬರುವುದು ಕಿಲೋ ಲೆಕ್ಕದ ಪ್ಯಾಕೆಟ್ಟಿನಲ್ಲಿ. ಅಡುಗೆಯ ವಿಧಾನ ಬರುವುದು ಊರಿನ ಅಮ್ಮನ ಫೋನಿನಲ್ಲಿ, ಪಾವು–ಲೋಟಗಳ ಭಾಷೆಯಲ್ಲಿ. ಕೇಕಿನ ವಿಧಾನ ಬರುವುದು ಅಮೆರಿಕದ ಕಪ್ಪಿನಲ್ಲಿ. ರೈಸ್ ಕುಕ್ಕರಿನ ಪೆಟ್ಟಿಗೆಯೊಳಗೆ ಇನ್ನೊಂದು ಅಳತೆಯ ಪ್ಲಾಸ್ಟಿಕ್ ಕಪ್ ಇರುತ್ತದೆ. ಒಂದೇ ಮಹಡಿಯ ನಾಲ್ಕು ಅಡುಗೆಮನೆಗಳಲ್ಲಿ ಕನ್ನಡದ ಪಾವು, ತಮಿಳಿನ ಆಳಾಕ್ಕು, ತೆಲುಗಿನ ಸೋಲ, ಮಲಯಾಳದ ನಾಳಿ ಇದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಹಳೆಯ ಅಳತೆಗಳು

ಕನ್ನಡ ನಾಡಿನಲ್ಲಿ ಧಾನ್ಯವನ್ನು ತೂಗುತ್ತಿದ್ದುದು ಕಡಿಮೆ, ಅಳೆಯುತ್ತಿದ್ದುದೇ ಹೆಚ್ಚು. ಶಾಸನಗಳಲ್ಲಿ ದೇವರ ನೈವೇದ್ಯಕ್ಕೆ ಬಿಟ್ಟ ಅಕ್ಕಿ, ಗುತ್ತಿಗೆಯ ಭತ್ತ, ಬಿತ್ತನೆಯ ಬೀಜ ಎಲ್ಲವೂ ಸೊಲ್ಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳಲ್ಲಿ ಬರುತ್ತವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಬಹುಪಾಲು ಕಡೆ ಒಂದೇ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಹೊಲದ ವಿಸ್ತಾರವನ್ನೂ ಅದಕ್ಕೆ ಬೀಳುವ ಬೀಜದಿಂದಲೇ ಹೇಳುತ್ತಿದ್ದರು: ಖಂಡುಗದ ಗದ್ದೆ, ಐದು ಕೊಳಗದ ಹೊಲ. ಕೊಡಗಿನಲ್ಲಿ ಗದ್ದೆಗೆ ಬಟ್ಟಿಯ ಲೆಕ್ಕ. ದಕ್ಷಿಣ ಕನ್ನಡದಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯೇ ವ್ಯಾಪಾರದ ಮಾನ. ಒಂದು ಮುಡಿಗೆ ಸಾಮಾನ್ಯವಾಗಿ 42 ಸೇರು. ಕರಾವಳಿಯ, ಕಾಸರಗೋಡಿನ ಹವ್ಯಕ ಮನೆಗಳಲ್ಲಿ ಕುಡ್ತೆ ಎಂಬ ಸಣ್ಣ ಅಳತೆ ಇಂದಿಗೂ ಮಾತಿನಲ್ಲಿದೆ.

ಹಳೆಯ ಮೈಸೂರಿನ ಅಡುಗೆಮನೆಯ ಏಣಿ ಚಿಕ್ಕದು: ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ರಾಗಿಯ ಸಗಟು ವ್ಯವಹಾರಕ್ಕೆ ನೂರು ಸೇರಿನ ಪಲ್ಲ. ಇಂದಿನ ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಇರುವ ನೆಲ ರಾಗಿ ಬೆಳೆಯುತ್ತಿದ್ದ ಹಳ್ಳಿಗಳದ್ದು. ಅಲ್ಲಿಯ ಹಗೇವುಗಳಿಗೆ, ಎಂದರೆ ನೆಲದೊಳಗಿನ ಧಾನ್ಯದ ಗುಂಡಿಗಳಿಗೆ, ಇಳಿದ ರಾಗಿ ಈ ಲೆಕ್ಕದಲ್ಲೇ ಇಳಿದದ್ದು.

ಗೊಂದಲ ಶುರುವಾಗುವುದು ಸೇರಿನಿಂದ. ಸೇರು ಅಳತೆಯೂ ಹೌದು, ತೂಕವೂ ಹೌದು. ತೂಕದ ಸೇರಿನಲ್ಲೂ ಎರಡು ಬಗೆ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ ಈಗಿನ ಸುಮಾರು 280 ಗ್ರಾಂ. ಪಕ್ಕಾ ಸೇರು ಅದರ ಮೂರು ಪಟ್ಟಿಗೂ ಮಿಕ್ಕಿದ್ದು. ನಲವತ್ತು ಕಚ್ಚಾ ಸೇರಿನ ಮೈಸೂರು ಮಣ ಸುಮಾರು 11.2 ಕಿಲೋ ಆದರೆ, 80 ತೊಲದ ಸೇರಿನ ಮೇಲೆ ನಿಂತ ಬ್ರಿಟಿಷ್ ಭಾರತದ ಮಣ 37.3 ಕಿಲೋ. ಬೆಲ್ಲ, ಹುಣಿಸೆಹಣ್ಣು, ಒಣಮೆಣಸಿನಕಾಯಿ ತೂಕಕ್ಕೆ ಹೋಗುತ್ತಿದ್ದವು. ಅಕ್ಕಿ, ರಾಗಿ, ಕಾಳು ಅಳತೆಗೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸ ಕಥನ ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಊರೂರಿನ ಸೇರು, ಮಣ, ಕೊಳಗಗಳನ್ನು ಬರೆದಿಟ್ಟುಕೊಳ್ಳಲು ಪಟ್ಟ ಪಾಡು ಆ ಪುಸ್ತಕದ ಉದ್ದಕ್ಕೂ ಕಾಣುತ್ತದೆ. ಹಳೆಯ ಕೈಬರಹದ ಅಡುಗೆ ಪುಸ್ತಕದಲ್ಲಿ ಬರಿದೆ "ಒಂದು ಸೇರು ಬೆಲ್ಲ" ಎಂದಿದ್ದರೆ, ಅದು ಯಾವ ಸೇರು ಎಂದು ಪಕ್ಕದ ಪದಾರ್ಥಗಳನ್ನು ನೋಡಿಯೇ ಊಹಿಸಬೇಕು.

ತುಂಬುವ ರೀತಿ

ಕಣದಲ್ಲಿ ಧಾನ್ಯ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನದೆ "ಲಾಭ" ಎಂದು ಎಣಿಕೆ ಶುರುಮಾಡುವುದು ಹಳ್ಳಿಗಳ ಪದ್ಧತಿ. ಆ ಕೊಳಗದ ನೆತ್ತಿಯ ಮೇಲೆ ಗೋಪುರ ಕಟ್ಟಿತ್ತೋ, ಇಲ್ಲ ಕೋಲಿನಿಂದ ಮಟ್ಟಸ ಸವರಿದ್ದೋ ಎಂಬುದು ಒಡೆಯನಿಗೂ ಒಕ್ಕಲಿಗೂ ನಡುವೆ ಜಗಳದ ವಿಷಯವೇ ಆಗಿತ್ತು. ಕೊಡುವಾಗ ಸವರು, ಕೊಳ್ಳುವಾಗ ಗೋಪುರ. ಅಳೆದಾದ ಮೇಲೆ ಕೈತುಂಬ ಹಾಕುವ ಕೊಸರು ಬೇರೆ.

ಗೋಪುರದಲ್ಲಿ ಎಷ್ಟು ಧಾನ್ಯವಿರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸುರಿದ ಅಕ್ಕಿ ಸುಮಾರು 33 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಒಂದು ಲೀಟರು ಹಿಡಿಯುವ, ಬಾಯಿಯ ಅಡ್ಡಳತೆ 11 ಸೆಂ.ಮೀ. ಇರುವ ಸೇರಿನ ಮೇಲೆ ಏಳುವ ಗೋಪುರ ಸುಮಾರು 110 ಮಿ.ಲೀ., ಎಂದರೆ ನೂರಕ್ಕೆ ಹನ್ನೊಂದು ಹೆಚ್ಚು. ಅದೇ ಒಂದು ಲೀಟರನ್ನು 14 ಸೆಂ.ಮೀ. ಬಾಯಿಯ ಗಿಡ್ಡ ಪಾತ್ರೆಗೆ ಬದಲಿಸಿದರೆ ಗೋಪುರ ಸುಮಾರು 230 ಮಿ.ಲೀ. ಆಗುತ್ತದೆ. ಒಳಗಿನ ಅಳತೆ ಅಷ್ಟೇ ಇದ್ದರೂ ಬಾಯಿ ಮೂರು ಸೆಂ.ಮೀ. ಅಗಲವಾದದ್ದಕ್ಕೆ ಗೋಪುರ ಎರಡು ಪಟ್ಟಾಯಿತು. ಗೋಪುರದ ಅಳತೆಯನ್ನು ನಂಬಿದ ಮಾರುಕಟ್ಟೆಯಲ್ಲಿ ಪಾತ್ರೆಯ ಆಕಾರವೇ ದುಡ್ಡು ಎನ್ನಲು ಇದಕ್ಕಿಂತ ಪುರಾವೆ ಬೇಡ.

ಅಡುಗೆಮನೆಯಲ್ಲಿ ಇದೇ ವ್ಯತ್ಯಾಸ ಮೈದಾದಲ್ಲಿ ಎದ್ದು ಕಾಣುತ್ತದೆ. ಚಮಚದಿಂದ ಹಗುರವಾಗಿ ಸುರಿದು ಚಾಕುವಿನ ಬೆನ್ನಿನಿಂದ ಸವರಿದ 240 ಮಿ.ಲೀ. ಕಪ್ಪು ಮೈದಾ 120ರಿಂದ 125 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ, ಗೋಡೆಗೆ ಒತ್ತಿ ತೆಗೆದರೆ 140–150 ಗ್ರಾಂ. ಮೂರು ಕಪ್ಪಿನ ಕೇಕಿಗೆ ಅರ್ಧ ಕಪ್ಪಿಗೂ ಹೆಚ್ಚು ಹಿಟ್ಟು ಹೀಗೆ ಲೆಕ್ಕಕ್ಕೆ ಸಿಗದೆ ನುಸುಳುತ್ತದೆ. ಕೇಕು ಗಟ್ಟಿಯಾದರೆ ಓವನ್ನಿನ ಮೇಲೆ ತಪ್ಪು ಹೊರಿಸುವವರೇ ಹೆಚ್ಚು.

ಮೆಟ್ರಿಕ್ ಬಂದ ಬಗೆ

ಭಾರತದಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ 1956ರಲ್ಲಿ ಬಂತು. ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದು, 1962ರ ಏಪ್ರಿಲಿನಿಂದ ದೇಶಕ್ಕೆಲ್ಲ ಕಡ್ಡಾಯವಾದವು. ಕಾಯಿದೆಯು ಹಳೆಯ ತೊಲಕ್ಕೆ 11.6638 ಗ್ರಾಂ, ಸೇರಿಗೆ 0.9331 ಕಿಲೋ ಎಂದು ಲೆಕ್ಕ ಕಟ್ಟಿಕೊಟ್ಟಿತು. ಆದರೆ ಅದು ತೂಕದ ಸೇರಿನ ಲೆಕ್ಕ. ಮನೆಯ ಅಟ್ಟದ ಮೇಲಿನ ಹಿತ್ತಾಳೆಯ ಸೇರಿಗೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಗಳಲ್ಲಿ ಅಳತೆಯ ಸೇರಿನ ಜಾಗಕ್ಕೆ ಲೀಟರಿನ ಡಬ್ಬಿ ಬಂತು, ಅಕ್ಕಿ ಬೇಳೆಗಳು ಮೆಲ್ಲಮೆಲ್ಲನೆ ಕಿಲೋಗೆ ಸರಿದವು, ಪಡಿತರ ಅಂಗಡಿಯ ಅಕ್ಕಿಯೂ ಕಿಲೋ ಲೆಕ್ಕಕ್ಕೇ ಬಂತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಪ್ಯಾಕೆಟ್ಟಿನ ಮೇಲೆ ನಿವ್ವಳ ಪ್ರಮಾಣ ಮುದ್ರಿಸಬೇಕೆಂಬ ಪ್ಯಾಕೆಟ್ ಸರಕುಗಳ ನಿಯಮಗಳು 2011ರವು.

ಹೀಗೆ ಕೊಳ್ಳುವ ಕೊನೆ ತೂಕಕ್ಕೆ ಬಂದು ಅರವತ್ತು ವರ್ಷ ದಾಟಿದರೂ ಬೇಯಿಸುವ ಕೊನೆ ಅಳತೆಯಲ್ಲೇ ಉಳಿದಿದೆ. ಇದು ಹಟವಲ್ಲ, ಅನುಕೂಲ. ಅಕ್ಕಿಗೆ ಎರಡರಷ್ಟು ನೀರು ಎನ್ನುವಾಗ ಎರಡನ್ನೂ ಒಂದೇ ಪಾವಿನಲ್ಲಿ ಅಳೆದರೆ ಮುಗಿಯಿತು. ಪಾವು ಎಷ್ಟು ಮಿ.ಲೀ. ಎಂದು ಯಾರೂ ಕೇಳಬೇಕಿಲ್ಲ.

ಗಾಳಿಯ ಪಾಲು

ಪರಿವರ್ತನೆಯ ಸೂತ್ರ ಸರಳ: ಪಾತ್ರೆ ಹಿಡಿಯುವ ಮಿ.ಲೀ. ಅನ್ನು ಆ ಪದಾರ್ಥದ ಸ್ಥೂಲ ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಕಾಳಿನ ನಡುವಣ ಗಾಳಿಯನ್ನೂ ಸೇರಿಸಿ ಹಿಡಿದ ಸಾಂದ್ರತೆಯೇ ಸ್ಥೂಲ ಸಾಂದ್ರತೆ. ಉಪ್ಪಿನ ಹರಳಿನ ನಿಜ ಸಾಂದ್ರತೆ ಘನ ಸೆಂಟಿಮೀಟರಿಗೆ 2.16 ಗ್ರಾಂ, ಚಮಚದಲ್ಲಿ ತುಂಬಿದ ಪುಡಿಯುಪ್ಪಿನದು ಸುಮಾರು 1.2. ಸಕ್ಕರೆ ಹರಳು 1.59; ತುಂಬಿದ ಸಕ್ಕರೆ 0.85ರ ಹತ್ತಿರ. ಮೈದಾದಲ್ಲಂತೂ ಲೋಟದ ಮೂರನೇ ಎರಡು ಭಾಗ ಗಾಳಿಯೇ.

ಸಮಗಾತ್ರದ ಗೋಲಿಗಳನ್ನು ಡಬ್ಬಿಗೆ ಸುರಿದು ಕುಲುಕಿದರೆ ಜಾಗದ ಸುಮಾರು 64 ಶೇಕಡ ತುಂಬುತ್ತದೆ. ಅದಕ್ಕೂ ಬಿಗಿಯಾಗಬೇಕಾದರೆ ಕೈಯಿಂದ ಒಂದೊಂದಾಗಿ ಜೋಡಿಸಬೇಕು. ಗಾತ್ರ ಬೆರಕೆಯಾದಷ್ಟೂ ಸಣ್ಣದು ದೊಡ್ಡದರ ಸಂದಿಗೆ ಇಳಿದು ತೂಕ ಏರುತ್ತದೆ. ನುಚ್ಚು ಬೆರೆತ ಅಕ್ಕಿ ಅಳತೆಗೆ ಭಾರವಾಗಿ ಬರುವುದು ಇದರಿಂದ. ಉದ್ದ, ಚಪ್ಪಟೆ, ಒರಟು ಕಾಳುಗಳು ಒಂದಕ್ಕೊಂದು ಅಡ್ಡ ನಿಂತು ಜಾಗ ಬಿಡುತ್ತವೆ. ಹಿಟ್ಟಿನ ಕಣಗಳು ಸಣ್ಣವಾದರೂ ಒಂದಕ್ಕೊಂದು ಅಂಟಿ ಗೂಡು ಕಟ್ಟುವುದರಿಂದ ಇನ್ನೂ ಹಗುರ.

ಅಕ್ಕಿಯ ವಿಷಯದಲ್ಲಿ ಈ ಮಾತನ್ನು ನಿಖರವಾಗಿ ತೋರಿಸಿದ್ದು ಕರ್ನಾಟಕದ್ದೇ ಸಂಸ್ಥೆ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆ.ಆರ್. ಭಟ್ಟಾಚಾರ್ಯ, ಸಿ.ಎಂ. ಸೌಭಾಗ್ಯ, ವೈ.ಎಂ. ಇಂದುಧರ ಸ್ವಾಮಿ 1972ರಲ್ಲಿ ಭತ್ತ ಮತ್ತು ಅಕ್ಕಿಯ ಭೌತ ಗುಣಗಳ ಕುರಿತು ಪ್ರಬಂಧ ಪ್ರಕಟಿಸಿದರು. ತಳಿ ಯಾವುದೇ ಇರಲಿ, ಅಕ್ಕಿಕಾಳಿನ ನಿಜ ಸಾಂದ್ರತೆ ಹೆಚ್ಚುಕಡಿಮೆ 1.45ರಲ್ಲೇ ನಿಲ್ಲುತ್ತದೆ; ಅಳತೆಯ ತೂಕವನ್ನು ಏರಿಳಿಸುವುದು ಕಾಳಿನ ಉದ್ದ–ಅಗಲಗಳ ಪ್ರಮಾಣ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಗುಂಡು ಕಾಳು ಒತ್ತಾಗಿ ಕೂರುತ್ತದೆ, ನೀಳ ಕಾಳು ಸಡಿಲವಾಗಿ. ಆದ್ದರಿಂದ ಪಾವು ಒಂದೇ ಆದರೂ ಗಿಡ್ಡನೆಯ ದಪ್ಪಕ್ಕಿ ಬಾಸ್ಮತಿಗಿಂತ ಹೆಚ್ಚು ತೂಗುತ್ತದೆ. ಸೋನಾ ಮಸೂರಿ ಇವೆರಡರ ನಡುವೆ.

ತೇವವೂ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಹಿಟ್ಟು ನೀರು ಹೀರಿ ತೂಕ ಏರಿಸಿಕೊಳ್ಳುತ್ತದೆ. ಗೋಧಿಹಿಟ್ಟು, ಮೈದಾಗಳಲ್ಲಿ ತೇವ ಶೇ 14ರ ಒಳಗಿರಬೇಕೆಂಬುದು ಆಹಾರ ನಿಯಮ. ಅಳತೆಯಲ್ಲಿ ಮೋಸ ಮಾಡಲು ಗೋಪುರ, ಸವರು, ಪಾತ್ರೆಯ ಬಾಯಿ ಇದ್ದಂತೆ, ತೂಕದಲ್ಲಿ ಮೋಸ ಮಾಡಲು ನೀರೂ ಕಲ್ಲೂ ಇವೆ. ಆ ಕಡೆಯಿಂದ ನೋಡಿದರೆ ಅಳತೆ ಮತ್ತು ತೂಕ ಎರಡನ್ನೂ ಒಟ್ಟಿಗೆ ನೋಡುವುದೇ ಗುಣಪರೀಕ್ಷೆ. ಜೊಳ್ಳು ಬೆರೆತ ಭತ್ತದ ಕೊಳಗ ಎತ್ತಿದ ಕೂಡಲೆ ಹಗುರ ಎಂದು ರೈತನ ಕೈಗೆ ಗೊತ್ತಾಗುತ್ತದೆ. ಗೋಧಿಯ ದೊಡ್ಡ ವ್ಯಾಪಾರದಲ್ಲಿ ಇದನ್ನೇ ನೂರು ಲೀಟರಿನ ತೂಕವಾಗಿ ನೋಡುತ್ತಾರೆ.

ರಾಗಿಹಿಟ್ಟಿನ ನಡವಳಿಕೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಿಲ್ಲಿನಿಂದ ಆಗತಾನೆ ತಂದ ಬಿಸಿ ಹಿಟ್ಟು ಉಬ್ಬಿರುತ್ತದೆ. ಡಬ್ಬಿಗೆ ಕಂಠಮಟ್ಟ ತುಂಬಿಸಿ, ಡಬ್ಬಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಎರಡು ಬೆರಳು ಇಳಿಯುತ್ತದೆ. ವಾರದ ನಂತರ ಅದೇ ಲೋಟದಲ್ಲಿ ತೆಗೆದ ಹಿಟ್ಟು ಹೆಚ್ಚು ತೂಗುತ್ತದೆ, ಅದೇ ನೀರಿಗೆ ಮುದ್ದೆ ಗಟ್ಟಿಯಾಗುತ್ತದೆ. ಮುದ್ದೆ ತಿರುವುವವರು ಕೋಲಿನ ಬಿಗಿ ನೋಡಿ ನೀರನ್ನೋ ಹಿಟ್ಟನ್ನೋ ಸರಿಮಾಡಿಕೊಳ್ಳುತ್ತಾರೆ. ಅಂಥ ಕೈ ಇಲ್ಲದವರಿಗೆ ತಕ್ಕಡಿ ಬೇಕು.

ರೂಢಿಯ ಸಂಖ್ಯೆಗಳು

ಪಾವನ್ನು 250 ಮಿ.ಲೀ. ಎಂದು ಹಿಡಿದು, ಮಟ್ಟಸ ಸವರಿದ ಲೆಕ್ಕ ಹೇಳುವುದಾದರೆ: ಅಕ್ಕಿ ಸುಮಾರು 200 ಗ್ರಾಂ, ತಳಿಗೆ ತಕ್ಕಂತೆ ಹತ್ತು ಗ್ರಾಂ ಆಚೀಚೆ. ತೊಗರಿ, ಉದ್ದು, ಕಡಲೆ, ಹೆಸರುಬೇಳೆಗಳೂ ಇದರ ಅಕ್ಕಪಕ್ಕವೇ, 200–215. ಸಕ್ಕರೆ 205–210, ಪುಡಿಮಾಡಿದ ಸಕ್ಕರೆ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ, 120ರ ಹತ್ತಿರ. ಬಾಂಬೆ ರವೆ 175–185. ಅಕ್ಕಿಹಿಟ್ಟು ಸುಮಾರು 165. ಹಗುರವಾಗಿ ತುಂಬಿದ ಮೈದಾ 125–130. ರಾಗಿಹಿಟ್ಟು 125ರಿಂದ 140. ಜರಡಿ ಹಿಡಿದ ಕಡಲೆಹಿಟ್ಟು ನೂರು ಗ್ರಾಮಿಗೂ ಕೊಂಚ ಕಡಿಮೆ, ಜರಡಿ ಹಿಡಿಯದ್ದು 115–120. ಕಡಲೆಬೀಜ 150. ಪುಡಿಯುಪ್ಪು ಎಲ್ಲಕ್ಕೂ ಭಾರ, 300ರ ಹತ್ತಿರ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಹೆಚ್ಚಾದ್ದರಿಂದ ಅದು ಅದೇ ಅಳತೆಗೆ ಕಡಿಮೆ ತೂಗುತ್ತದೆ. ಕಲ್ಲುಪ್ಪಿನ ಅಳತೆ ಹೇಳಿದ ಉಪ್ಪಿನಕಾಯಿಗೆ ಅಷ್ಟೇ ಅಳತೆಯ ಪುಡಿಯುಪ್ಪು ಸುರಿದರೆ ನಾಲಿಗೆ ಒಪ್ಪದು. ಅವಲಕ್ಕಿಯಲ್ಲಿ ಒಂದು ಸಂಖ್ಯೆ ಹೇಳುವುದೇ ತಪ್ಪು. ಪೇಪರ್ ಅವಲಕ್ಕಿ ಗಟ್ಟಿ ಅವಲಕ್ಕಿಯ ಸುಮಾರು ಅರ್ಧ ತೂಗುತ್ತದೆ.

ಅಕ್ಕಿ ಮತ್ತು ಬೇಳೆ ಅಳತೆಗೆ ಒಂದೇ ತೂಗುವುದು ನಮ್ಮ ಅಡುಗೆಯ ದೊಡ್ಡ ಅದೃಷ್ಟ. ಇಡ್ಲಿಗೆ ಉದ್ದು ಒಂದು, ಅಕ್ಕಿ ಎರಡು. ದೋಸೆಗೆ ಒಂದಕ್ಕೆ ಮೂರೋ ನಾಲ್ಕೋ. ಇವನ್ನು ಪಾವಿನಲ್ಲಿ ಅಳೆದರೂ ಗ್ರಾಮಿನಲ್ಲಿ ತೂಗಿದರೂ ಹಿಟ್ಟು ಬಹುತೇಕ ಅದೇ. ಬಿಸಿಬೇಳೆಬಾತು, ಪೊಂಗಲ್‌ಗಳೂ ಹಾಗೆಯೇ. ಇದರಿಂದಾಗಿ ಪಾಲಿನ ಲೆಕ್ಕ ಎಲ್ಲ ಕಡೆಯೂ ತೂಕಕ್ಕೆ ಸಲ್ಲುತ್ತದೆ ಎಂಬ ಭ್ರಮೆ ಹುಟ್ಟಿಕೊಂಡಿದೆ.

ಆ ಭ್ರಮೆಯನ್ನು ಒಡೆಯುವುದು ಮೈಸೂರು ಪಾಕು. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ ಎಂಬುದು ಮನೆಮನೆಯ ಲೆಕ್ಕ. 250 ಮಿ.ಲೀ. ಲೋಟದಲ್ಲಿ ಇದು ಸುಮಾರು 100 ಗ್ರಾಂ ಹಿಟ್ಟು, 420 ಗ್ರಾಂ ಸಕ್ಕರೆ, 455 ಗ್ರಾಂ ತುಪ್ಪ. ಅಳತೆಯ 1:2 ತೂಕದಲ್ಲಿ 1:4 ಮೀರಿತು. ಹೊಸದಾಗಿ ಡಿಜಿಟಲ್ ತಕ್ಕಡಿ ಕೊಂಡವರು 1:2 ಅನ್ನು ಗ್ರಾಮಿಗೆ ಹಾಕಿ, 100 ಗ್ರಾಂ ಹಿಟ್ಟಿಗೆ 200 ಗ್ರಾಂ ಸಕ್ಕರೆ ತೂಗಿದರೆ ಬೇಕಾದ ಸಕ್ಕರೆಯಲ್ಲಿ ಅರ್ಧ ಮಾತ್ರ ಬಾಣಲೆಗೆ ಬೀಳುತ್ತದೆ. ಪಾಕು ಗೂಡುಗಟ್ಟುವುದಿಲ್ಲ, ಸಿಹಿಯೂ ಸಾಲದು. ನಿಖರ ಸಾಧನ ಕೈಯಲ್ಲಿದ್ದೂ ಫಲ ಕೆಟ್ಟದ್ದಕ್ಕೆ ಕಾರಣ, ಹಿಟ್ಟು ಮತ್ತು ಸಕ್ಕರೆ ಬೇರೆ ಬೇರೆ ಸಾಂದ್ರತೆಯವು ಎಂಬುದನ್ನು ಮರೆತದ್ದು. ಚಕ್ಕುಲಿ, ಕೋಡುಬಳೆಗಳಲ್ಲಿ ಹಿಟ್ಟಿಗೆ ಹಿಟ್ಟೇ ಬೀಳುವುದರಿಂದ ಇಷ್ಟು ಅಪಾಯವಿಲ್ಲ. ಹಿಟ್ಟಿಗೆ ಸಕ್ಕರೆ, ಬೆಲ್ಲದ ಪುಡಿ, ತುಪ್ಪ ಸೇರುವ ಸಿಹಿಗಳಲ್ಲೆಲ್ಲ ಇದೆ.

ಪಾವು ಮತ್ತು ಪಾವ್

ಬ್ರೂಕ್‌ಫೀಲ್ಡಿನಂಥ ಕಡೆ ಇದಕ್ಕೆ ಇನ್ನೊಂದು ಗೊಂದಲ ಸೇರಿದೆ. ತರಕಾರಿ ಗಾಡಿಯವರಿಗೂ ಉತ್ತರ ಭಾರತದ ನೆರೆಯವರಿಗೂ ಪಾವ್ ಎಂದರೆ ಕಾಲು ಕಿಲೋ, 250 ಗ್ರಾಂ ತೂಕ. ಹಳೆಯ ಮೈಸೂರಿನ ಮನೆಯಲ್ಲಿ ಪಾವು ಎಂದರೆ ಕಾಲು ಸೇರಿನ ಅಳತೆ. ಅಕ್ಕಿಯಲ್ಲಿ ಇವೆರಡರ ಅಂತರ ಐವತ್ತು ಗ್ರಾಂ. ಒಂದು ತುತ್ತು ಹೆಚ್ಚೋ ಕಡಿಮೆಯೋ ಆದೀತು, ಅಷ್ಟೆ. ಸಾರಿನ ಪುಡಿಗೆ ಕೂತಾಗ ಮಾತ್ರ ಲೆಕ್ಕ ದಿಕ್ಕು ತಪ್ಪುತ್ತದೆ. ಕೊತ್ತಂಬರಿ ಬೀಜ ಒಳಗೆ ಟೊಳ್ಳು. ಪಾವು ಬೀಜ ತೂಗುವುದು 85 ಗ್ರಾಂ ಆಸುಪಾಸು. "ಪಾವು ಧನಿಯ" ಎಂದು ಅಜ್ಜಿ ಹೇಳಿದ್ದನ್ನು 250 ಗ್ರಾಮಿನ ಪ್ಯಾಕೆಟ್ಟು ಎಂದುಕೊಂಡರೆ ಮೂರು ಪಾವು ಧನಿಯ ಹುರಿದಂತೆ. ಪಕ್ಕದಲ್ಲಿ ಒಣಮೆಣಸಿನಕಾಯಿ ತೂಕದಲ್ಲೇ ಇರುತ್ತದೆ, ಏಕೆಂದರೆ ಸುಕ್ಕುಸುಕ್ಕಾದ ಬ್ಯಾಡಗಿಯನ್ನು ಯಾವ ಪಾತ್ರೆಯಲ್ಲೂ ನಂಬಿಕೆಯಿಂದ ಅಳೆಯಲಾಗದು. ಹೀಗೆ ಒಂದೇ ಪುಡಿಯ ಪಟ್ಟಿಯಲ್ಲಿ ಧನಿಯ ಅಳತೆ, ಮೆಣಸಿನಕಾಯಿ ತೂಕ, ಮೆಂತ್ಯ ಚಮಚ, ಇಂಗು ಕಡಲೆಕಾಳಿನಷ್ಟು, ಕರಿಬೇವು ಹಿಡಿ. ಈ ಬೆರಕೆ ಅಜ್ಞಾನದ್ದಲ್ಲ. ಪ್ರತಿ ಪದಾರ್ಥವನ್ನೂ ಅದು ಕಡಿಮೆ ಮೋಸ ಮಾಡುವ ರೀತಿಯಲ್ಲೇ ಹಿಡಿದಿದ್ದಾರೆ. ಗ್ರಾಮಿಗೆ ತಿರುಗಿಸುವವರು ಒಂದೊಂದನ್ನೂ ಬೇರೆಯಾಗಿ ತಿರುಗಿಸಬೇಕು.

ಮದುವೆಯ ಅಡುಗೆ ಭಟ್ಟರು ಈ ದಾಟುವಿಕೆಯನ್ನು ಬಹು ಹಿಂದೆಯೇ ಮಾಡಿ ಮುಗಿಸಿದ್ದಾರೆ. "ಸೇರಕ್ಕಿಗೆ ಇಷ್ಟು ಎಲೆ" ಎಂಬ ಬಾಯಿಲೆಕ್ಕ ತಲೆಯಲ್ಲಿದ್ದರೂ ಅವರು ಬರೆದುಕೊಡುವ ಸಾಮಾನಿನ ಪಟ್ಟಿ ಕಿಲೋದಲ್ಲೇ ಇರುತ್ತದೆ.

ಹೊರಗಿನ ಕಪ್ಪುಗಳು

ಅಮೆರಿಕದ ಅಡುಗೆ ಬರಹ ಕಪ್ಪಿಗೆ ಅಂಟಿಕೊಂಡಿದ್ದರಲ್ಲಿ ಫ್ಯಾನಿ ಫಾರ್ಮರ್ ಪಾತ್ರ ದೊಡ್ಡದು. 1896ರಲ್ಲಿ ಬಂದ ಆಕೆಯ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕ ಕಪ್ಪು, ಚಮಚಗಳನ್ನು ಮಟ್ಟಸ ಸವರಿಯೇ ಅಳೆಯಬೇಕೆಂದು ಹಟ ಹಿಡಿದು, ಆ ರೂಢಿಯನ್ನು ಮನೆಮನೆಗೆ ಹರಡಿತು. ಯುರೋಪಿನ ಹೆಚ್ಚಿನ ಅಡುಗೆಮನೆಗಳು ತಕ್ಕಡಿಯಲ್ಲೇ ಉಳಿದವು. ಅಮೆರಿಕದ ಕಪ್ಪು 236.6 ಮಿ.ಲೀ., ಅಲ್ಲಿಯ ಪ್ಯಾಕೆಟ್ಟಿನ ಪೋಷಕಾಂಶ ಪಟ್ಟಿಯಲ್ಲಿ 240, ಆಸ್ಟ್ರೇಲಿಯಾದ್ದು 250, ಜಪಾನಿನದು 200. ರೈಸ್ ಕುಕ್ಕರಿನ ಜೊತೆ ಬರುವ ಕಪ್ಪು 180 ಮಿ.ಲೀ.; ಅದು ಜಪಾನಿನ ಗೋ ಎಂಬ ಹಳೆಯ ಅಕ್ಕಿ ಅಳತೆ. ಕುಕ್ಕರಿನ ಒಳಗೋಡೆಯ ಗೆರೆಗಳು ಈ ಕಪ್ಪಿಗೆ ಹೊಂದಿಸಿದವು. ಪಾವಿನಲ್ಲಿ ಅಕ್ಕಿ ಹಾಕಿ ಗೆರೆ ನೋಡಿ ನೀರು ಹೊಯ್ದರೆ ಅನ್ನ ಅರೆಬೆಂದು ನಿಲ್ಲುತ್ತದೆ. ದೊಡ್ಡ ಚಮಚ ಬಹುತೇಕ ಕಡೆ 15 ಮಿ.ಲೀ. ಆದರೆ ಆಸ್ಟ್ರೇಲಿಯಾದಲ್ಲಿ 20. ಅಂಗಡಿಯಲ್ಲಿ ಸಿಗುವ ಅಳತೆಯ ಕಪ್ಪುಗಳ ಗೊಂಚಲಿನಲ್ಲಿ 240 ಇದೆಯೋ 250 ಇದೆಯೋ ಎಂದು ತಳ ತಿರುಗಿಸಿ ನೋಡುವುದು ಲೇಸು.

ಬೇಕರಿಯವರು ಈ ತೊಡಕಿಗೆಲ್ಲ ಹೊರಗೆ. ಅವರ ಲೆಕ್ಕದಲ್ಲಿ ಹಿಟ್ಟು ನೂರು. ನೀರು, ಸಕ್ಕರೆ, ಉಪ್ಪು, ಈಸ್ಟ್ ಎಲ್ಲವೂ ಅದರ ಮೇಲಿನ ಶೇಕಡ, ಎಲ್ಲವೂ ತೂಕ. ಐದು ಕಿಲೋ ಮೈದಾಕ್ಕೆ ಶೇ 60 ನೀರು ಎಂದರೆ ಮೂರು ಕಿಲೋ. ಮೂಟೆ ಬದಲಾದರೂ ಲೆಕ್ಕ ಬದಲಾಗದು.

ಮನೆಯಲ್ಲಿ ಲೆಕ್ಕ ಕಟ್ಟಿಕೊಳ್ಳುವುದು

ಅಚ್ಚಾದ ಪಟ್ಟಿಗಳಿಗಿಂತ ಮನೆಯ ಪಾತ್ರೆಗೆ ಮನೆಯಲ್ಲೇ ಮಾಡಿಕೊಂಡ ಪಟ್ಟಿ ಹೆಚ್ಚು ನಂಬಿಕೆಯದು. ಮೊದಲು ಪಾತ್ರೆ ಎಷ್ಟು ಹಿಡಿಯುತ್ತದೆ ಎಂದು ತಿಳಿಯಬೇಕು. ಖಾಲಿ ಪಾವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿದರೆ ಕಾಣುವ ಗ್ರಾಮೇ ಮಿ.ಲೀ. ಅಜ್ಜಿಯ ಕಾಲದ ಪಾವು 250 ತೋರಿಸಬಹುದು, 220 ತೋರಿಸಬಹುದು, ನೆಗ್ಗಿದ್ದರೆ ಇನ್ನೂ ಕಡಿಮೆ. ಒರೆಸಿ ಒಣಗಿಸಿದ ಮೇಲೆ ಪದಾರ್ಥವನ್ನು ಮಾಮೂಲಾಗಿ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ ತೂಗಬೇಕು. ಇಲ್ಲಿ ಶಿಸ್ತು ತೋರಿಸಲು ಹೋಗಬಾರದು. ಅಮ್ಮನ ವಿಧಾನ ಗೋಪುರದ ಪಾವಿನದಾದರೆ ಗೋಪುರವನ್ನೇ ತೂಗಬೇಕು. ಮೂರು ಸಲ ತೂಗಿ ಸರಾಸರಿ ತೆಗೆದರೆ ಅಕ್ಕಿ, ಸಕ್ಕರೆಗಳಲ್ಲಿ ಎರಡು ಮೂರು ಗ್ರಾಂ ಅಂತರ, ಹಿಟ್ಟುಗಳಲ್ಲಿ ಹತ್ತಕ್ಕೂ ಮೇಲೆ ಕಾಣುತ್ತದೆ. ಆ ಅಂತರವೇ ಯಾವುದನ್ನು ಇನ್ನು ಮುಂದೆ ತೂಗಬೇಕು, ಯಾವುದನ್ನು ಅಳೆದರೂ ನಡೆಯುತ್ತದೆ ಎಂದು ಹೇಳಿಬಿಡುತ್ತದೆ.

ಚಿಟಿಕೆ–ಚಮಚದ ಪದಾರ್ಥಗಳಲ್ಲಿ ಮಾತು ತಿರುಗುಮುರುಗು. 5 ಮಿ.ಲೀ. ಚಮಚಕ್ಕೆ ಉಪ್ಪು 6 ಗ್ರಾಂ, ಅಡಿಗೆ ಸೋಡ 4.6, ಅರಿಸಿನ 3, ಅಚ್ಚಖಾರದಪುಡಿ 2.7, ಜೀರಿಗೆ 2.1 ಗ್ರಾಂ. ಮನೆಯ ಸಾಧಾರಣ ತಕ್ಕಡಿ ಒಂದೊಂದೇ ಗ್ರಾಮಿನ ಹೆಜ್ಜೆ ಇಡುವಂಥದು. 2 ಗ್ರಾಂ ಜೀರಿಗೆಯನ್ನು ಅದು 1 ಎಂದರೂ 3 ಎಂದರೂ ಕೇಳುವವರಿಲ್ಲ. ಅಲ್ಲಿ ಮಟ್ಟಸ ಸವರಿದ ಚಮಚವೇ ಹೆಚ್ಚು ನಿಖರ. ತೂಗಲೇಬೇಕೆಂದರೆ 0.1 ಗ್ರಾಂ ತೋರಿಸುವ ಬೇರೆ ಸಣ್ಣ ತಕ್ಕಡಿ ಬೇಕು.

ಅಳತೆಯೇ ಉಳಿದಿರುವ ಕಡೆ

ಬೆಂಗಳೂರಿನಲ್ಲಿ ಕಡಲೆಪುರಿ ಇಂದಿಗೂ ಸೇರು, ಲೀಟರುಗಳಲ್ಲಿ ಬಿಕರಿಯಾಗುತ್ತದೆ. ಒಂದು ಲೀಟರು ಪುರಿ ನೂರು ಗ್ರಾಂ ತೂಗುವುದೂ ಕಷ್ಟ. ಅದನ್ನು ಕೊಳ್ಳುವವರಿಗೆ ಬೇಕಾದದ್ದು ಬುಟ್ಟಿ ತುಂಬುವಷ್ಟು ಗಾತ್ರ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ರಸ್ತೆಯುದ್ದಕ್ಕೂ ಕಾಯಿಯ ರಾಶಿಗಳ ಮೇಲೆ ಸೇರಿನ ಡಬ್ಬಿಗಳು ಕೂತಿರುತ್ತವೆ. ಸಿಪ್ಪೆಯ ಸಮೇತ ಇರುವ ಕಾಯಿಯಲ್ಲಿ ಹಸಿ, ಒಣ, ಹುರಿದದ್ದು ಎಂಬ ಭೇದಕ್ಕೆ ತಕ್ಕಂತೆ ತೂಕ ವಿಪರೀತ ಏರಿಳಿಯುತ್ತದೆ. ಅಳತೆ ಮಾತ್ರ ಕಣ್ಣೆದುರು ನಿಲ್ಲುತ್ತದೆ. ಡಬ್ಬಿಯ ನೆತ್ತಿಯ ಮೇಲೆ ಗೋಪುರ ಎಷ್ಟಿರಬೇಕು, ಕೊಸರು ಎಷ್ಟು ಬೀಳಬೇಕು ಎಂಬ ಚೌಕಾಸಿ ಅಲ್ಲಿ ಈಗಲೂ ನಡೆದಿದೆ.